ವಾಹನ ಪ್ರಶ್ನೋತ್ತರ: ಕೆಟ್ಟಿದ್ದು ಡೈನಮೊವೋ, ಕಟ್‌ಔಟೋ?

ಪ್ರಶ್ನೆ: ಹಳೇ ಮಾರಿಸ್ ಮೈನರ್ ಕಾರು, 12 ವೋಲ್ಟ್, ಬ್ಯಾಟರಿ ಚಾರ್ಜ್ ಮಾಡಲು ಲ್ಯೂಕಾಸ್ ಡೈನಮೊ. ಮಳೆಗಾಲವಿಡೀ ಶೆಡ್ಡಿನಲ್ಲಿತ್ತು. ಈಗ ಎಷ್ಟು ರೇಸ್ ಮಾಡಿದರೂ ಚಾರ್ಜಿಂಗ್‌ನ ಕೆಂಪು ದೀಪ ಆರುವುದಿಲ್ಲ. ಡೈನಮೊ ರಿವೈಂಡ್ ಮಾಡಿಸಬೇಕೆ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಈಗಲೇ ಬೇಡ. ಮೊದಲು ಬೆಲ್ಟ್ ಒತ್ತಿ ನೋಡಿ; ಅರ್ಧ ಇಂಚಿಗಿಂತ ತೀರಾ ಹೆಚ್ಚು ತಗ್ಗಿದರೆ ಬಿಗಿ ಮಾಡಿ. ಆಮೇಲೆ ಕಟ್‌ಔಟ್ ಬಾಕ್ಸಿನ (ಡೈನಮೊವನ್ನು ಬ್ಯಾಟರಿಗೆ ಕೂಡಿಸುವ, ಬಿಡಿಸುವ ಸ್ವಿಚ್ ಇರುವ ಡಬ್ಬಿ) ಸಂಬಂಧ ತಪ್ಪಿಸಿ ಡೈನಮೊವನ್ನಷ್ಟೇ ಪರೀಕ್ಷಿಸಿ. ಅದರ ಎರಡೂ ವಯರ್ ಬಿಚ್ಚಿ. ದೊಡ್ಡ ಟರ್ಮಿನಲ್ 'ಡಿ', ಚಿಕ್ಕದು 'ಎಫ್'. ಎರಡನ್ನೂ ತುಂಡು ವಯರಿನಿಂದ ಜೋಡಿಸಿ, ಆ ಜೋಡಣೆಗೂ ಡೈನಮೊ ಬಾಡಿಗೂ ನಡುವೆ ವೋಲ್ಟ್‌ಮೀಟರ್ ಹಿಡಿಯಿರಿ. ಈ ಕಾರಿನಲ್ಲಿ ಬಾಡಿಗೆ ಬರುವುದು ಬ್ಯಾಟರಿಯ ಪ್ಲಸ್. ಹಾಗಾಗಿ ಮೀಟರಿನ ಕೆಂಪು ಕಡ್ಡಿ ಬಾಡಿಗೆ. ನಡುವೆ ಯಾರಾದರೂ ಇದನ್ನು ಮೈನಸ್‌ಗೆ ಬದಲಿಸಿದ್ದಾರೋ ಎಂದೂ ನೋಡಿಕೊಳ್ಳಿ.

ಎಂಜಿನ್ ಚಾಲೂ ಮಾಡಿ ಮೆಲ್ಲಗೆ ವೇಗ ಏರಿಸಿ. ಮುಳ್ಳು ತಡವರಿಸದೆ 20 ವೋಲ್ಟಿನತ್ತ ಹೋದರೆ ಡೈನಮೊ ಸರಿಯಿದೆ. ಅಲ್ಲಿಗೇ ನಿಲ್ಲಿಸಿ, ಇನ್ನೂ ರೇಸ್ ಮಾಡಿದರೆ ಕಾಯಿಲ್ ಸುಟ್ಟೀತು. ಮುಳ್ಳು ಅಲುಗದಿದ್ದರೆ ಕಾರ್ಬನ್ (ತಿರುಗುವ ಭಾಗದಿಂದ ಕರೆಂಟ್ ಎತ್ತುವ ತುಂಡು) ಸವೆದಿದೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿದೆ. ನಿಂತ ಗಾಡಿಗಳಲ್ಲಿ ಇದೇ ಹೆಚ್ಚು. ಅರ್ಧದಿಂದ 1 ವೋಲ್ಟ್ ಮಾತ್ರ ಬಂದರೆ ಫೀಲ್ಡ್ ಕಾಯಿಲ್ (ಅಯಸ್ಕಾಂತ ಶಕ್ತಿ ಕೊಡುವ, ತಿರುಗದ ಸುರುಳಿ) ಮೇಲೆ ಅನುಮಾನ. 4–5 ವೋಲ್ಟಿಗೆ ನಿಂತರೆ ಆರ್ಮೇಚರ್, ಅಂದರೆ ಒಳಗೆ ತಿರುಗುವ ಸುರುಳಿ. ಆಗ ರಿವೈಂಡಿಂಗ್ ಮಾತು. ಕಪ್ಪಾದ ಕಮ್ಯುಟೇಟರನ್ನು (ಕಾರ್ಬನ್ ಒತ್ತುವ ತಾಮ್ರದ ಉರುಳೆ) ನಯವಾದ ಗ್ಲಾಸ್ ಪೇಪರಿನಿಂದ ಉಜ್ಜಿ. ಎಮರಿ ಖಂಡಿತ ಬೇಡ, ಅದರ ಪುಡಿ ತಾಮ್ರದಲ್ಲಿ ಕಚ್ಚಿಕೊಂಡು ಕಾರ್ಬನ್ನನ್ನೇ ತಿನ್ನುತ್ತದೆ.

ಡೈನಮೊ ಸರಿಯಿದ್ದರೆ ಬಾಕ್ಸಿನ 'ಇ' ಟರ್ಮಿನಲ್ಲಿನಿಂದ ಬಾಡಿಗೆ ಸೇರುವ ಅರ್ಥ್ ವಯರ್ ನೋಡಿ. ಕಡಲ ಗಾಳಿಗೆ ಅಲ್ಲಿ ಹಸಿರು ಕಿಲುಬು ಕಟ್ಟುವುದು ನಮ್ಮ ಕಡೆ ಮಾಮೂಲು. ಅರ್ಥ್ ಸಿಗದ ಕಟ್‌ಔಟ್ ಕೂಡಿಕೊಳ್ಳುವುದೇ ಇಲ್ಲ, ಡೈನಮೊ ಸುಮ್ಮನೆ ಬೈಸಿಕೊಳ್ಳುತ್ತದೆ. ಬ್ಯಾಟರಿ ಬಿಚ್ಚಿ, ಬಾಡಿಯ ಪೇಂಟ್ ಕೆರೆದು ಲೋಹ ಕಾಣುವಂತೆ ಮಾಡಿ ಬೋಲ್ಟ್ ಬಿಗಿಯಿರಿ, ಮೇಲೆ ವ್ಯಾಸಲಿನ್ ಸವರಿ. ಕಟ್‌ಔಟ್ ಪಾಯಿಂಟಿಗೂ ಗ್ಲಾಸ್ ಪೇಪರೇ ಸಾಕು. ಸ್ಪ್ರಿಂಗಿನ ಸ್ಕ್ರೂ ಮುಟ್ಟಬೇಡಿ.

ಪ್ರಶ್ನೆ: ರಿವೈಂಡ್ ಮಾಡಿಸಿದ ಡೈನಮೊ ಕೂಡಿಸಿದ್ದೇನೆ, ಚಾರ್ಜೇ ಇಲ್ಲ.
– ಓದುಗರು, ಶಿರಸಿ

ಉತ್ತರ: ಫೀಲ್ಡಿನಲ್ಲಿ ಉಳಿಯಬೇಕಾದ ಅಯಸ್ಕಾಂತ ಶಕ್ತಿ ಹೋಗಿರಬಹುದು ಅಥವಾ ಉಲ್ಟಾ ಆಗಿರಬಹುದು. ಎಂಜಿನ್ ನಿಲ್ಲಿಸಿ, 'ಎಫ್' ವಯರ್ ಬಿಚ್ಚಿಡಿ. ಬ್ಯಾಟರಿಯ ಬಾಡಿಗೆ ಸೇರದ ಕಡೆಯಿಂದ ಒಂದು ವಯರ್ ತಂದು ಡೈನಮೊದ 'ಎಫ್' ಟರ್ಮಿನಲ್ಲಿಗೆ ಎರಡು ಮೂರು ಸಲ, ಕ್ಷಣಕಾಲವಷ್ಟೇ, ತಾಗಿಸಿ. ಸಣ್ಣ ಕಿಡಿ ಬಂದರೆ ಗಾಬರಿ ಬೇಡ. ಕಿಡಿಯೇ ಬಾರದಿದ್ದರೆ ಫೀಲ್ಡ್ ಕಾಯಿಲ್ ತುಂಡಾಗಿದೆ, ರಿವೈಂಡಿಂಗ್ ಅಂಗಡಿಗೇ ವಾಪಸ್ ಒಯ್ಯಿರಿ.