ಐವತ್ತು ಪೆಟ್ಟಿಗೆ ಮಣ್ಣಿನ ಲೆಕ್ಕ

(ಕಳೆದ ಸಂಚಿಕೆಯಲ್ಲಿ ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿಯ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಹಾವೇರಿ ಕಡೆಯ ಓದುಗರೊಬ್ಬರು, ಖಜಾನೆ ಕಚೇರಿಯಿಂದ ನಿವೃತ್ತರಾದವರು, ಹೀಗೆ ಬರೆದಿದ್ದಾರೆ: “ಪಿಶಾಚಿ ಬೇಟೆಯ ಕಾದಂಬರಿ ಎಂದು ನೀವು ಹೊಗಳಿದ್ದಕ್ಕೆ ತರಿಸಿ ಓದಿದೆ. ಮೊದಲ ನಾಲ್ಕು ಅಧ್ಯಾಯ ಬೆವರಿಳಿಸಿತು. ಆಮೇಲೆ ಬೇಟೆಗಾರರೆಲ್ಲ ಸೇರಿ ಡೈರಿ ನಕಲು ಮಾಡುವುದು, ರೈಲಿನ ಟೈಮು ನೋಡುವುದು, ಟೈಪು ಹೊಡೆಯುವುದು, ಇದೇ ಆಯಿತು. ಜೀವಮಾನವಿಡೀ ಫೈಲು ನೋಡಿ ಮನೆಗೆ ಬಂದವನಿಗೆ ಇನ್ನೊಂದು ಫೈಲು ಕೊಟ್ಟಿರಿ. ಅದೂ ಅಲ್ಲದೆ, ಮೌಢ್ಯದ ವಿರುದ್ಧ ಬರೆಯುವ ಪತ್ರಿಕೆಗೆ ಈ ದೆವ್ವದ ಸಹವಾಸ ಯಾಕೆ?” ಕೊನೆಗೊಂದು ಪ್ರಶ್ನೆ: “ಡ್ರಾಕುಲಾನ ಕುತ್ತಿಗೆಗೆ ಬೀಳುವ ಆ ಕುಕ್ರಿ ನಮ್ಮ ಗೂರ್ಖಾಗಳದ್ದೇ?”)

ಮಾನ್ಯರೇ,

ಫೈಲಿನ ಮಾತು ಓದಿ ಇಲ್ಲಿ ಎಲ್ಲರೂ ನಕ್ಕೆವು. ನಕ್ಕಾದ ಮೇಲೆ ನನಗೆ ಅನ್ನಿಸಿದ್ದು, ನೀವು ದೂರೆಂದು ಬರೆದದ್ದು ಆ ಕಾದಂಬರಿಯ ನಾಡಿಯನ್ನೇ ಹಿಡಿದಿದೆ. ಅದು ಫೈಲೇ ಹೌದು. ಆ ಫೈಲಿನಿಂದಲೇ ಪಿಶಾಚಿ ಸಿಕ್ಕಿಬೀಳುತ್ತದೆ.

ಸ್ಟೋಕರ್ ಮೂಲತಃ ನಿಮ್ಮ ಜಾತಿಯವರು, ಅಂದರೆ ಗುಮಾಸ್ತರ ಜಾತಿ. ಹುಟ್ಟಿದ್ದು 1847ರಲ್ಲಿ, ಡಬ್ಲಿನ್ ಹತ್ತಿರ. ಯೌವನದಲ್ಲಿ ಐರ್ಲೆಂಡಿನ ಸರ್ಕಾರಿ ನೌಕರಿ. 1879ರಲ್ಲಿ ಅಚ್ಚಾದ ಅವರ ಒಂದು ಪುಸ್ತಕ ಯಾವುದರ ಬಗ್ಗೆ ಗೊತ್ತೇ? ಐರ್ಲೆಂಡಿನ ಸಣ್ಣ ಕೋರ್ಟುಗಳ ಗುಮಾಸ್ತರು ಮಾಡಬೇಕಾದ ಕೆಲಸಗಳ ಬಗ್ಗೆ! ಆಮೇಲೆ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ನಟ ಹೆನ್ರಿ ಇರ್ವಿಂಗ್ ಅವರ ವ್ಯವಹಾರವನ್ನೆಲ್ಲ ವರ್ಷಗಟ್ಟಲೆ ನೋಡಿಕೊಂಡರು. ‘ಡ್ರಾಕುಲಾ’ ಬಂದದ್ದು 1897ರಲ್ಲಿ. ಕಥೆಯಲ್ಲಿ ಡ್ರಾಕುಲಾನ ನಾಡಾದ ಟ್ರಾನ್ಸಿಲ್ವೇನಿಯಕ್ಕೆ ಈ ಮನುಷ್ಯ ಒಮ್ಮೆಯೂ ಹೋದವರಲ್ಲ. 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲೂರಿಗೆ ಹೋಗಿದ್ದಾಗ ಅಲ್ಲಿನ ಲೈಬ್ರರಿಯ ಹಳೆಯ ಪುಸ್ತಕವೊಂದರಲ್ಲಿ ಡ್ರಾಕುಲಾ ಎಂಬ ಹೆಸರು ಸಿಕ್ಕಿತು. ಅದೇ ತೀರದಲ್ಲಿ 1885ರಲ್ಲಿ ದಡಕ್ಕೆ ಬಡಿದಿದ್ದ ‘ದಿಮಿತ್ರಿ’ ಎಂಬ ರಷ್ಯದ ಹಡಗಿನ ವಿಷಯವನ್ನೂ ಕೇಳಿ ಬರೆದುಕೊಂಡರು. ಅದು ನಾರ್ವಾದಿಂದ ಬಂದದ್ದು. ಕಾದಂಬರಿಯಲ್ಲಿ ‘ಡಿಮೀಟರ್’ ಆಗಿ ವರ್ನಾದಿಂದ ಬರುತ್ತದೆ. ಅಕ್ಷರ ಹಿಂದುಮುಂದು ಮಾಡಿದರಾಯಿತು, ಊರು ಬದಲು.

ಈಗ ನಿಮ್ಮನ್ನು ಆಕಳಿಸುವಂತೆ ಮಾಡಿದ ಭಾಗಕ್ಕೆ ಬರೋಣ. ನಾನು ಪತ್ರಿಕೆಗೆ ಬರುವ ಮೊದಲು ಎರಡು ವರ್ಷ ಒಂದು ಲಾರಿ ಆಫೀಸಿನಲ್ಲಿ ರಸೀದಿ ಬರೆಯುತ್ತಿದ್ದೆ. ಆದ್ದರಿಂದಲೋ ಏನೋ, ನನಗೆ ಆ ಪುಸ್ತಕದಲ್ಲಿ ಮೈ ಜುಂ ಎನ್ನಿಸಿದ್ದು ಬಾವಲಿಯೂ ಅಲ್ಲ, ತೋಳವೂ ಅಲ್ಲ, ಒಂದು ಬಿಲ್ಲು. ಡ್ರಾಕುಲಾ ಹಗಲು ಮಲಗಲು ತನ್ನ ಊರಿನ ಮಣ್ಣೇ ಬೇಕು. ಅದಕ್ಕೆ ಐವತ್ತು ಪೆಟ್ಟಿಗೆ ಮಣ್ಣು ಲಂಡನ್ನಿಗೆ ಬರುತ್ತದೆ. ಕಾಗದದಲ್ಲಿ ‘ಸಾಧಾರಣ ಮಣ್ಣು, ಪ್ರಯೋಗದ ಬಳಕೆಗೆ’ ಎಂದು ನಮೂದು. ವಿಟ್ಬಿಯ ವಕೀಲರು ಖರ್ಚಿಗೆಂದು ಸಾಗಣೆ ಕಂಪನಿಗೆ ಹತ್ತು ಪೌಂಡ್ ಕಳಿಸುತ್ತಾರೆ. ಕಂಪನಿಯವರು ಮಾಲು ತಲುಪಿಸಿ, ಉಳಿದ 1 ಪೌಂಡ್ 17 ಶಿಲಿಂಗ್ 9 ಪೆನ್ಸ್ ಚೆಕ್ಕನ್ನು ವಾಪಸ್ ಕಳಿಸುತ್ತಾರೆ. ಒಂದು ಊರನ್ನೇ ಕುಡಿದು ಹಾಕುವ ಪಿಶಾಚಿ ರೈಲು ಗೂಡ್ಸಿನಲ್ಲಿ ಬಂದಿಳಿದಿದೆ, ಇವರು ಪೈಸೆ ಪೈಸೆ ಚಿಲ್ಲರೆ ಲೆಕ್ಕ ಒಪ್ಪಿಸುತ್ತಿದ್ದಾರೆ! ಆ ಪುಟದಲ್ಲಿ ಒಬ್ಬರೂ ಚೀರುವುದಿಲ್ಲ.

ಆ ಪುಟವನ್ನು ನೆನಪಿಟ್ಟುಕೊಂಡು ನೀವು ಬೇಸತ್ತ ಅಧ್ಯಾಯಗಳನ್ನು ಮತ್ತೆ ನೋಡಿ. ಪೆಟ್ಟಿಗೆಗಳನ್ನು ಇಳಿಸಿದ ಪಾಳುಮನೆಯಲ್ಲಿ ಎಣಿಸಿದರೆ ಪೆಟ್ಟಿಗೆ ಇರುವುದು 29. ಉಳಿದ 21 ಎಲ್ಲಿ? ಬೇಟೆಗಾರರಲ್ಲೊಬ್ಬನಾದ ವಕೀಲ ಹಾರ್ಕರ್ ಕತ್ತಿ ಹಿಡಿದು ಹೊರಡುವುದಿಲ್ಲ, ಹಮಾಲರನ್ನು ಹುಡುಕಿಕೊಂಡು ಹೋಗುತ್ತಾನೆ. ಅವರಲ್ಲೊಬ್ಬ ಪ್ಯಾಂಟಿನ ಹಿಂಭಾಗದಲ್ಲೆಲ್ಲೋ ಕೈಹಾಕಿ, ಮೂಲೆ ಮಡಿಸಿಹೋದ ನೋಟ್‌ಬುಕ್ ತೆಗೆಯುತ್ತಾನೆ. ಒಳಗೆ ಅರ್ಧ ಅಳಿಸಿಹೋದ ದಪ್ಪ ಪೆನ್ಸಿಲ್ ಬರಹ. ಇಲ್ಲಿ ಆರು, ಅಲ್ಲಿ ಆರು. ಇನ್ನೊಬ್ಬನ ಬಾಯಿಂದ ಲಂಡನ್ನಿನ ಪಿಕಡಿಲಿ ಬೀದಿಯ ಮನೆಗೆ ಹೋದ ಒಂಬತ್ತು. ಬಿಳಿ ಮೀಸೆಯ ಮುದುಕನೊಬ್ಬ ಆ ಭಾರದ ಪೆಟ್ಟಿಗೆಗಳನ್ನು ಸಲೀಸಾಗಿ ಎತ್ತಿದನೆಂದು ಅವನಿಗೆ ಇನ್ನೂ ಬೆರಗು. ಅಂಥ ಲೋಡಿಂಗ್ ಆಳು ಸಿಕ್ಕಿದ್ದರೆ ನಮ್ಮ ಆಫೀಸಿನವರು ಜಾತಕ ಕೇಳದೆ ಸೇರಿಸಿಕೊಳ್ಳುತ್ತಿದ್ದರು.

ಪಿಕಡಿಲಿಯ ಮನೆಗೆ ನುಗ್ಗುವುದು ಹೇಗೆ? ಹಾಡಹಗಲೇ ಬೀಗದವನನ್ನು ಕರೆಸಿ, ಬೀದಿಯಲ್ಲಿ ಪೊಲೀಸಿನವನು ಓಡಾಡುತ್ತಿರುವಾಗಲೇ ಬಾಗಿಲು ತೆಗೆಸುತ್ತಾರೆ. ಒಳಗೆ ಎಣಿಸಿದರೆ ಎಂಟೇ ಪೆಟ್ಟಿಗೆ. ಒಂದು ಕಡಿಮೆ. ಖಜಾನೆಯಲ್ಲಿದ್ದವರಿಗೆ ನಾನು ಹೇಳಬೇಕೇ, ಸಂಜೆ ಕ್ಯಾಶ್ ಮುಚ್ಚುವಾಗ ಒಂದೇ ಒಂದು ಕಂತೆ ಕಡಿಮೆ ಬಂದರೆ ಹೊಟ್ಟೆಯಲ್ಲಿ ಏನಾಗುತ್ತದೆಂದು?

ಇದಕ್ಕೂ ಮುಂಚೆ ಹಾರ್ಕರನ ಹೆಂಡತಿ ಮೀನಾ ಎಲ್ಲರ ಡೈರಿಗಳನ್ನೂ, ಡಾಕ್ಟರರು ಮಾತು ಮುದ್ರಿಸಿಟ್ಟಿದ್ದ ಫೋನೋಗ್ರಾಫ್ ಸುರುಳಿಗಳನ್ನೂ ಮೂರು ಪ್ರತಿ ಟೈಪು ಮಾಡಿಟ್ಟಿದ್ದಾಳೆ. ನೀವು ದಾಟಿಸಿಬಿಟ್ಟಿರಬಹುದಾದ ಭಾಗ ಅದು. ಅದರ ಬೆಲೆ ಗೊತ್ತಿದ್ದದ್ದು ಶತ್ರುವಿಗೆ. ಒಂದು ರಾತ್ರಿ ಡ್ರಾಕುಲಾ ಒಳಗೆ ಬಂದು ಹಸ್ತಪ್ರತಿಯನ್ನೂ ಸುರುಳಿಗಳನ್ನೂ ಬೆಂಕಿಗೆ ಹಾಕುತ್ತಾನೆ. ತಿಜೋರಿಯಲ್ಲಿ ಇನ್ನೊಂದು ಪ್ರತಿ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಅಷ್ಟು ಕೆಲಸ ಮಾಡಿದ ಹೆಂಗಸನ್ನೇ ಈ ಮಹನೀಯರು ‘ನಿನಗೆ ಯಾಕಮ್ಮಾ ಈ ಕಷ್ಟ’ ಎಂದು ಸಭೆಯಿಂದ ಹೊರಗಿಡುತ್ತಾರೆ. ಅವಳಿಗೆ ಏನೂ ಹೇಳದ ಆ ರಾತ್ರಿಗಳಲ್ಲೇ ಡ್ರಾಕುಲಾ ಬಂದು ಅವಳ ರಕ್ತ ಕುಡಿದುಹೋಗುತ್ತಾನೆ. ಸ್ಟೋಕರ್ ಇದನ್ನು ಬೇಕೆಂದೇ ಹಾಗಿಟ್ಟರು ಎಂದೇ ನನ್ನ ನಂಬಿಕೆ. ಕೊನೆಗೆ ತನ್ನ ಊರಿಗೆ ಓಡುವ ಅವನು ಯಾವ ನದಿಯಲ್ಲಿ ಹೋಗುತ್ತಿದ್ದಾನೆಂದು ನಕಾಶೆ ಮುಂದಿಟ್ಟುಕೊಂಡು ಹೇಳುವವಳೂ ಅವಳೇ.

ನಿಮ್ಮ ಬೇಸರ ಪೂರ್ತಿ ತಪ್ಪೆನ್ನಲಾರೆ. ಬೇಟೆಯ ಮುಂದಾಳು ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಬಾಯಿ ತೆರೆದರೆ ಮುಚ್ಚುವುದಿಲ್ಲ. ನಾಲ್ವರು ಗಂಡಸರ ರಕ್ತವನ್ನು ಒಬ್ಬಳೇ ಹುಡುಗಿಗೆ ಏರಿಸುವುದನ್ನು ಇವತ್ತಿನ ಲ್ಯಾಬ್ ಟೆಕ್ನಿಶಿಯನ್ ಓದಿದರೆ ಪುಸ್ತಕ ಎಸೆಯುತ್ತಾರೆ. ರಕ್ತದ ಗುಂಪುಗಳು ಪತ್ತೆಯಾದದ್ದು 1901ರಲ್ಲಿ, ಪುಸ್ತಕ ಬಂದು ನಾಲ್ಕು ವರ್ಷಕ್ಕೆ. ಬೆನ್ನಟ್ಟುವ ಭಾಗವೂ ಎಳೆದಂತಿದೆ.

ಮೌಢ್ಯದ ಮಾತಿಗೆ. ನಮ್ಮ ಪತ್ರಿಕೆ 2017ರ ವಾಮಾಚಾರ ತಡೆ ಕಾಯ್ದೆಯ ಪರ ಬರೆದಿದೆ, ಇನ್ನೂ ಬರೆಯುತ್ತದೆ. ನಿಂಬೆಹಣ್ಣು ಕುಯ್ದು ದುಡ್ಡು ಕೀಳುವ ಮಂತ್ರವಾದಿ ಒಬ್ಬನೇ ಬರುತ್ತಾನೆ, ಗುಟ್ಟೆಲ್ಲ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಇಲ್ಲಿರುವವರು ಒಬ್ಬ ವಕೀಲ, ಇಬ್ಬರು ಡಾಕ್ಟರು, ಒಬ್ಬ ಟೀಚರು, ಒಬ್ಬ ಜಮೀನುದಾರ, ಒಬ್ಬ ಅಮೆರಿಕದವನು. ಕಂಡದ್ದನ್ನು ತಾರೀಖು ಹಾಕಿ ಬರೆದು ಒಬ್ಬರಿಗೊಬ್ಬರು ತೋರಿಸುತ್ತಾರೆ. ಹೌದು, ಶಿಲುಬೆಯೂ ಇದೆ, ಬೆಳ್ಳುಳ್ಳಿಯೂ ಇದೆ. ಕಥೆಯಲ್ಲಿ ಅದನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಗಳ ಬಾಗಿಲಲ್ಲಿ ‘ನಾಳೆ ಬಾ’ ಎಂದು ಬರೆದದ್ದನ್ನು ನಾವೆಲ್ಲ ನೋಡಿದವರೇ ತಾನೆ? ಮನೆಯವರು ಒಮ್ಮೆಯಾದರೂ ಕರೆಯದೆ ಡ್ರಾಕುಲಾ ಹೊಸ್ತಿಲು ದಾಟಲಾರ. ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎನ್ನುವುದಷ್ಟೇ ವ್ಯತ್ಯಾಸ.

ಇನ್ನು ಕುಕ್ರಿ. ಹೌದು, ಗೂರ್ಖಾಗಳದ್ದೇ. ನವೆಂಬರ್ 6ರ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ ಹಾರ್ಕರ್ ಅದನ್ನು ಬೀಸುತ್ತಾನೆ. ಅದೇ ಗಳಿಗೆಗೆ ಅಮೆರಿಕದವನ ಚಾಕು ಎದೆಗೆ ಇಳಿಯುತ್ತದೆ. ಇಂಗ್ಲೆಂಡಿನ ವಕೀಲನ ಕೈಗೆ ಅದು ಎಲ್ಲಿಂದ ಬಂತು ಎಂದು ಮೊನ್ನೆ ಮತ್ತೆ ಪುಟ ತಿರುವಿದೆ. ಮಣ್ಣಿಗೂ ರಸೀದಿ ಇಟ್ಟ ಆ ಪುಸ್ತಕದಲ್ಲಿ ಆ ಕತ್ತಿಗೆ ಮಾತ್ರ ರಸೀದಿ ಸಿಗಲಿಲ್ಲ. ನಿಮ್ಮ ಕಣ್ಣಿಗೆ ಬಿದ್ದರೆ ಪುಟಸಂಖ್ಯೆ ಸಮೇತ ಬರೆಯಿರಿ.

— ಸಂಪಾದಕ