ತುದಿ ಸೀಳಿದ ಡ್ರಮ್ ಕೋಲುಗಳ ಬಗ್ಗೆ

ನಮಸ್ಕಾರ. ರಾಕ್ ಬ್ಯಾಂಡ್ ಎಂಬ ವಿಡಿಯೋ ಗೇಮಿನ ಡ್ರಮ್ ಕೋಲುಗಳ ತುದಿ ಸೀಳಿ, ಅವುಗಳಿಂದ ಬಡಿಯುವ ಪ್ಯಾಡಿನ ಮೇಲೆ ಮರದ ಪುಡಿ ಉದುರುತ್ತಿದೆ, ಉಜ್ಜಿ ಸರಿಪಡಿಸಬಹುದೇ ಎಂದು ತಾವು ಕೇಳಿದ್ದೀರಿ. ಹಿಡಿಯುವ ಭಾಗದ ಬೆವರಿನ ಜಿಡ್ಡನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಟ್ಟರೆ ಸಾಕು. ನೀರಿನಲ್ಲಿ ಮಾತ್ರ ನೆನೆಸಬೇಡಿ, ಮರ ಉಬ್ಬಿ, ಒಣಗುವಾಗ ಸೊಟ್ಟಗಾಗುತ್ತದೆ. ಕೋಲಿನ ಮೈಮೇಲಿನ ಸಣ್ಣ ಸಿಬಿರುಗಳನ್ನು 220ನೇ ನಂಬರಿನ ಸ್ಯಾಂಡ್‌ಪೇಪರಿನಿಂದ, ಮರದ ಎಳೆಯ ದಿಕ್ಕಿನಲ್ಲೇ, ಹಗುರವಾಗಿ ಉಜ್ಜಿ ತೆಗೆಯಬಹುದು.

ಆದರೆ ತುದಿಯೇ ಸೀಳಿದ್ದರೆ ದಯವಿಟ್ಟು ಆ ಜೋಡಿಯನ್ನು ಬಿಟ್ಟುಬಿಡಿ. ಉಜ್ಜಿದರೂ ಪ್ರತಿ ಪೆಟ್ಟಿಗೂ ಸೀಳು ಬೆಳೆಯುತ್ತದೆ, ಅದರ ಚೂಪಾದ ಅಂಚು ಪ್ಯಾಡಿನ ಮೇಲ್ಮೈಯನ್ನು ಕೆರೆಯುತ್ತದೆ. ಈ ಆಟದ ಹಳೆಯ ಡ್ರಮ್ ಕಿಟ್‌ಗಳ ಪ್ಯಾಡು ಮತ್ತೆ ಸಿಗುವುದು ಕಷ್ಟ, ಕೋಲು ಯಾವ ಸಂಗೀತ ವಾದ್ಯಗಳ ಅಂಗಡಿಯಲ್ಲಾದರೂ ಸಿಗುತ್ತದೆ. ಪ್ಯಾಡಿನೊಳಗಿನ ಸೆನ್ಸರ್ ಗುರುತಿಸುವುದು ಪೆಟ್ಟಿನ ಕಂಪನವನ್ನಾದ್ದರಿಂದ ಆಟಕ್ಕೆಂದೇ ಮಾಡಿದ ಕೋಲು ಬೇಕಿಲ್ಲ. ಹಿಕರಿ ಎಂಬ ಗಟ್ಟಿ ಮರದ, ನೈಲಾನ್ ತುದಿಯ, 5ಎ ಎಂಬ ಮಧ್ಯಮ ದಪ್ಪದ ಅಳತೆಯ ಜೋಡಿಯನ್ನು ನಾನು ಮನಸಾರೆ ಸೂಚಿಸುತ್ತೇನೆ, ಏಕೆಂದರೆ ನೈಲಾನ್ ತುದಿ ಮರದಂತೆ ಸಿಬಿರೇಳುವುದಿಲ್ಲ. ಮಕ್ಕಳೂ ಆಡುವುದಾದರೆ ತೆಳುವಾದ 7ಎ ಒಳ್ಳೆಯದು. ಕೊಳ್ಳುವ ಮುನ್ನ ಕೋಲನ್ನು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ. ಕುಣಿಯುತ್ತಾ ಉರುಳಿದರೆ ಅದು ಬಾಗಿದೆ ಎಂದರ್ಥ, ಬೇರೆಯದನ್ನು ಕೇಳಿ ಪಡೆಯಿರಿ.