‘ನಿನ್ನನ್ನು ಹರಸುವವರನ್ನು’: ಆ ‘ನಿನ್ನ’ ಯಾರು?

ಓದುಗರೊಬ್ಬರ ಪತ್ರದ ಸಾರ: ನಮ್ಮ ಸಭೆಗೆ ಬಂದಿದ್ದ ಬೋಧಕರು ಆದಿಕಾಂಡ 12:3 ಓದಿ, ಇಸ್ರೇಲ್ ಸರ್ಕಾರದ ಪರ ನಿಲ್ಲದ ಕ್ರೈಸ್ತನಿಗೆ ಶಾಪ ತಪ್ಪದು ಎಂದರು. ಇನ್ನೊಂದು ಸಭೆಯ ಪಾದ್ರಿಗಳು, ಈಗ ಸಭೆಯೇ (ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯವೇ) ಇಸ್ರೇಲ್, ಯೆಹೂದ್ಯರ ಪಾಲು ಮುಗಿಯಿತು ಎನ್ನುತ್ತಾರೆ. ಯಾವುದು ಸರಿ?

ಮಾನ್ಯರೇ,

ಎರಡೂ ಅವಸರದ ಮಾತು.

ಮೊದಲು ವಚನವನ್ನೇ ನೋಡೋಣ: ನಿನ್ನನ್ನು ಹರಸುವವರನ್ನು ಹರಸುವೆನು, ನಿನ್ನನ್ನು ಶಪಿಸುವವನನ್ನು ಶಪಿಸುವೆನು ಎನ್ನುತ್ತಾನೆ ದೇವರು. ಇಂಗ್ಲಿಷಿನ ‘ಯೂ’ ಒಬ್ಬನೋ ಹಲವರೋ ಎಂಬುದನ್ನು ಹೇಳುವುದಿಲ್ಲ; ನಮ್ಮ ‘ನಿನ್ನನ್ನು’ ಹೇಳುತ್ತದೆ. ಹೀಬ್ರೂ ಮೂಲದಲ್ಲೂ ಏಕವಚನವೇ, ಕೇಳಿಸಿಕೊಳ್ಳುತ್ತಿರುವವನು ಅಬ್ರಾಮ, ಮುಂದೆ ಅಬ್ರಹಾಮನೆನಿಸಿಕೊಂಡ ಇಸ್ರೇಲರ ಮೂಲಪುರುಷ. ಇಷ್ಟಕ್ಕೇ ಗೆದ್ದೆವೆಂದು ಪುಸ್ತಕ ಮುಚ್ಚಬೇಡಿ. ಅರಣ್ಯಕಾಂಡ 24:9ರಲ್ಲಿ ಬಿಳಾಮನೆಂಬ ಪ್ರವಾದಿ ಇದೇ ಮಾತನ್ನು ಇಡೀ ಇಸ್ರೇಲ್ ಜನಕ್ಕೆ, ಏಕವಚನದಲ್ಲೇ, ಅನ್ವಯಿಸುತ್ತಾನೆ. ಹಾಗಾಗಿ ಜನಾಂಗದವರೆಗೆ ವಚನವನ್ನು ಹಿಗ್ಗಿಸಬಹುದು. ಜನಾಂಗದಿಂದ 1948ರಲ್ಲಿ ಹುಟ್ಟಿದ ಇಸ್ರೇಲ್ ರಾಷ್ಟ್ರಕ್ಕೆ, ಅಲ್ಲಿಂದ ಅದರ ಇವತ್ತಿನ ಮಂತ್ರಿಮಂಡಲಕ್ಕೆ ಹಾರುವಾಗ ಕಾಲು ಜಾರುತ್ತದೆ. ಆ ಹಾರಿಕೆಗೆ ಬೇಕಾದ ಆಧಾರ ವಚನದಲ್ಲಿಲ್ಲ, ಬೇರೆಡೆಯಿಂದ ತರಬೇಕು.

ಹಾಗೆ ತಂದವರಲ್ಲಿ ಮುಖ್ಯರು 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. ಇಸ್ರೇಲ್ ಬೇರೆ, ಸಭೆ ಬೇರೆ, ದೇವರ ಯೋಜನೆಯೂ ಎರಡಕ್ಕೆ ಬೇರೆಬೇರೆ ಎಂಬುದು ಅವರ ವಾದ. ಇದನ್ನು ಮನೆಮನೆಗೆ ಮುಟ್ಟಿಸಿದ್ದು 1909ರ ಸ್ಕೋಫೀಲ್ಡ್ ಬೈಬಲ್. ಅದರಲ್ಲಿ ವಚನವೂ ಟಿಪ್ಪಣಿಯೂ ಒಂದೇ ಪುಟದಲ್ಲಿವೆ. ನಾಲ್ಕು ಸಲ ಓದಿದವನಿಗೆ ಯಾವುದು ಧರ್ಮಗ್ರಂಥ, ಯಾವುದು ಸ್ಕೋಫೀಲ್ಡರ ಮಾತು ಎಂಬ ಗೆರೆಯೇ ಅಳಿಸಿಹೋಗುತ್ತದೆ. ನಿಮ್ಮ ಬೋಧಕರ ಮಾತಿನ ಬೇರು ಬಹುಶಃ ಇಲ್ಲಿದೆ. ಹಾಗೆಂದು ಜಿಯೋನಿಸಂ (ಯೆಹೂದ್ಯರಿಗೆ ಸ್ವಂತ ರಾಷ್ಟ್ರ ಬೇಕೆಂಬ ಚಳವಳಿ) ಬೆಂಬಲಿಸಿದ ಕ್ರೈಸ್ತರೆಲ್ಲ ಡಾರ್ಬಿಯ ಶಿಷ್ಯರಲ್ಲ. 1942ರಲ್ಲಿ ಅಮೆರಿಕದ ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬುರ್ ಯೆಹೂದ್ಯರಿಗೊಂದು ನೆಲೆ ಬೇಕೆಂದದ್ದು ನ್ಯಾಯದ ದೃಷ್ಟಿಯಿಂದ, ಪ್ರವಾದನೆಯ ಲೆಕ್ಕಾಚಾರದಿಂದಲ್ಲ.

ಇನ್ನು ಎರಡನೆಯವರ ಮಾತು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ಅದಕ್ಕೆ ನೇರ ಅಡ್ಡ ನಿಲ್ಲುತ್ತದೆ. ಕಸಿ ಕಟ್ಟುವವರು ಕಾಡುಗಿಡದ ಬುಡಕ್ಕೆ ಒಳ್ಳೆ ಜಾತಿಯ ಕುಡಿ ಕೂರಿಸುತ್ತಾರೆ. ಪೌಲನದು ತಿರುಗುಮುರುಗು: ಊರಿನ ಆಲಿವ್ ಮರಕ್ಕೆ ಕಾಡಿನ ಕೊಂಬೆ. ಇದು ಸ್ವಭಾವಕ್ಕೆ ವಿರುದ್ಧವೆಂದು 24ನೇ ವಚನದಲ್ಲಿ ಅವನೇ ಒಪ್ಪುತ್ತಾನೆ. ಕಾಡುಕೊಂಬೆ ಅನ್ಯಜನರಾದ ನಾವು. ಬೇರನ್ನು ಹೊತ್ತಿರುವುದು ನೀನಲ್ಲ, ನಿನ್ನನ್ನು ಹೊತ್ತಿರುವುದು ಬೇರು ಎಂದು ಗದರಿಸುತ್ತಾನೆ. ದೇವರು ಕೊಟ್ಟ ಕರೆಯನ್ನು ಹಿಂತೆಗೆದುಕೊಳ್ಳುವುದಿಲ್ಲ ಎನ್ನುತ್ತಾನೆ. ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಯೆಹೂದ್ಯರ ಬಗೆಗಿನ ಹಳೆಯ ಧೋರಣೆಯನ್ನು ತಿದ್ದಿದಾಗ ಊರಿ ನಿಂತದ್ದು ಈ ಅಧ್ಯಾಯದ ಮೇಲೆಯೇ. ಆದರೆ ಗಮನಿಸಿ, 9ರಿಂದ 11ರವರೆಗಿನ ಮೂರು ಅಧ್ಯಾಯಗಳಲ್ಲಿ ದೇಶದ ಗಡಿಯ ಮಾತೇ ಇಲ್ಲ. ಅದಕ್ಕೆ ಮೊದಲು, 4:13ರಲ್ಲಿ, ಅಬ್ರಹಾಮನಿಗೆ ಬಾಧ್ಯವಾಗಿ ದೊರೆಯುವ ಸ್ವತ್ತು ಕಾನಾನ್ ನಾಡಲ್ಲ, ಇಡೀ ಲೋಕ.

ಜನಾಂಗದ ಕರೆ ಉಳಿದಿದೆ ಎಂದು ಒಪ್ಪಿಯೂ ರಾಷ್ಟ್ರಕ್ಕೆ ದೈವಿಕ ಮುದ್ರೆ ಒತ್ತದೇ ಇರಲು ಸಾಧ್ಯ. ವ್ಯಾಟಿಕನ್ನಿನ 1985ರ ಟಿಪ್ಪಣಿ ಹಿಡಿದ ದಾರಿ ಅದೇ: ಇಸ್ರೇಲ್ ರಾಷ್ಟ್ರವನ್ನು ಅಂತರರಾಷ್ಟ್ರೀಯ ಕಾನೂನಿನ ತತ್ವಗಳಿಂದ ನೋಡಿ ಎಂದಿತು. 1993ರಲ್ಲಿ ಆ ರಾಷ್ಟ್ರದೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ನಮಗೆ ಇದೇ ಹದವಾದ ನಿಲುವೆನಿಸುತ್ತದೆ.

ಈ ಚರ್ಚೆಯಲ್ಲಿ ನಾವು ಮರೆಯುವುದು ಆ ನೆಲದ ಕ್ರೈಸ್ತರನ್ನೇ. 2006ರಲ್ಲಿ ಜೆರುಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್ (ಅಲ್ಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷ) ಮಿಶೆಲ್ ಸಬ್ಬಾ ಮತ್ತು ಇನ್ನು ಮೂರು ಸಭೆಗಳ ಮುಖಂಡರು ಕ್ರೈಸ್ತ ಜಿಯೋನಿಸಂ ತಪ್ಪು ಬೋಧನೆಯೆಂದು ಸಾರಿದರು. ಪ್ಯಾಲೆಸ್ಟೈನಿನ ಕ್ರೈಸ್ತರ 2009ರ ಹೇಳಿಕೆ ‘ಕೈರೋಸ್ ಪ್ಯಾಲೆಸ್ಟೈನ್’ ಅದನ್ನೇ ಮುಂದುವರಿಸಿತು. ಅದರಲ್ಲಿ ಹಳೆಯ ‘ಸಭೆಯೇ ಇಸ್ರೇಲ್’ ವಾದದ ವಾಸನೆ ಇದೆಯೆಂದು ಯೆಹೂದಿ ವಿಮರ್ಶಕರು ದೂರಿದ್ದೂ ಉಂಟು.

ಬೋಧಕರು ಮತ್ತೆ ಬಂದರೆ ಯೆಹೆಜ್ಕೇಲ 47:22-23 ಓದಿಸಿ. ಬಾಬೆಲಿನ ಸೆರೆಯಿಂದ ಮರಳಲಿರುವ ಇಸ್ರೇಲಿಗೆ ನೆಲ ಹಂಚುವ ಭಾಗವದು. ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳನ್ನು ಸ್ವದೇಶಿಗಳಂತೆ ಎಣಿಸಿ, ಅವರು ಯಾವ ಕುಲದ ನಡುವೆ ಇದ್ದಾರೋ ಆ ಕುಲದಲ್ಲೇ ಅವರಿಗೂ ಪಾಲು ಕೊಡಬೇಕೆಂದಿದೆ. ಆ ಪಾಲು ಈಗ ಎಲ್ಲಿದೆ ಎಂದು ಕೇಳಿ.

— ಸಂ.